ಹಳದಿ ಅಂಗಿಯ ಅತಿಥಿಗಳು

ಏಳನೆಯ ಕಂತು

"ಅಗೋ, ಬಂದ್ರು ನೋಡಿ," ಅಂದರು ಈಜು ಮಾಸ್ತರು.

ದುರ್ಬೀನಮ್ಮ ಗ್ಯಾಲರಿಯ ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಖಾಸಗಿ ಶಾಲೆಯ ಮುಂಬಾಗಿಲಿನಿಂದ ಈಜುಕೊಳಕ್ಕೆ ಬರುವ ಕಲ್ಲುಹಾಸಿನ ಮೇಲೆ ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ಅಷ್ಟು ಎತ್ತರದಿಂದ ಕಾಣುತ್ತಿದ್ದದ್ದು ತಲೆ ಮತ್ತು ಹೆಗಲು ಮಾತ್ರ. ಹೆಗಲ ಮೇಲೆ ಹಳದಿ ಅಂಗಿ, ರಸ್ತೆಯಾಚೆಯ ಸರ್ಕಾರಿ ಶಾಲೆಯದು.

ಅವಳು ಎಣಿಸಿದಳು, ಇಪ್ಪತ್ತೆರಡು. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ಎಣಿಸಿದಳು. ಆಗಲೂ ಇಪ್ಪತ್ತೆರಡೇ.

ನಿನ್ನೆಯಷ್ಟೇ ಆ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಸಹಿ, ಮೊಹರು ಸಮೇತ ಬರೆದುಕೊಟ್ಟಿದ್ದರು: ನಮ್ಮ ಶಾಲೆಯ ಒಂದೇ ಒಂದು ಮಗುವೂ ಇವತ್ತಿನವರೆಗೆ ಆ ಕೊಳಕ್ಕೆ ಕಾಲಿಟ್ಟಿಲ್ಲ. ಆ ಹೆಂಗಸು ಸುಳ್ಳು ಹೇಳುವ ಪೈಕಿಯಲ್ಲ. ಹಾಗಾದರೆ ಈಗ ಕಣ್ಣೆದುರಿಗೆ, ಹಾಡಹಗಲು ಎರಡು ಗಂಟೆಗೆ, ಚಪ್ಪಲಿ ಕಳಚಿ ಸಾಲಾಗಿ ಜೋಡಿಸುತ್ತಿರುವ ಇವರು ಯಾರು?

"ಪ್ರತಿ ಮಂಗಳವಾರ ಬರ್ತಾರಾ?"

"ಒಂದು ವಾರ ತಪ್ಪಿಲ್ಲ ಮೇಡಂ. ಎರಡು ವರ್ಷ ಆಯ್ತು."

ಮಾಸ್ತರ ಮುಖದಲ್ಲಿ ಕಪಟದ ಸುಳಿವೇ ಇರಲಿಲ್ಲ. ದುರ್ಬೀನಮ್ಮನಿಗೆ ತಲೆಬುಡ ತಿಳಿಯದಾಯಿತು. ಇಬ್ಬರು ಪ್ರಾಮಾಣಿಕರು, ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ಅನ್ನುತ್ತಾರೆ. ಒಬ್ಬ ಕಳ್ಳ ಸಿಕ್ಕಿದ್ದರೆ ಎಷ್ಟು ನಿರಾಳವಾಗುತ್ತಿತ್ತು.

ಅವಳ ಕೆಲಸವೇ ಅಂಥದ್ದು. ತೆರಿಗೆ ವಿನಾಯಿತಿ ಕಚೇರಿಯ ತಪಾಸಣೆ ವಿಭಾಗದಲ್ಲಿ ಹದಿನಾರು ವರ್ಷ. ಹಾಳೆಯ ಹಿಂಬದಿಯನ್ನೂ ಬಿಡದೆ ಓದುತ್ತಾಳೆ ಅಂತ ಸಹೋದ್ಯೋಗಿಗಳು ಇಟ್ಟ ಹೆಸರು ದುರ್ಬೀನಮ್ಮ. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಈ ಸಲ ಅವಳ ಮೇಜಿಗೆ ಬಂದದ್ದು ಈ ಖಾಸಗಿ ಶಾಲೆಯ ಕಡತ. ನಮ್ಮದು ವ್ಯಾಪಾರವಲ್ಲ, ಧರ್ಮಾರ್ಥ ಸಂಸ್ಥೆ, ಹಾಗಾಗಿ ತೆರಿಗೆ ಕಟ್ಟುವುದಿಲ್ಲ ಅನ್ನುವ ಶಾಲೆ. ನಿಯಮ ಸರಳ. ಶಾಲೆಯ ಹತ್ತು ಮಕ್ಕಳಿಗೆ ಒಂದರಂತೆ, ದುಡ್ಡು ಕೊಡಲಾರದ ಮಕ್ಕಳಿಗೂ ಅದರ ಉಪಯೋಗ ಸಿಗಬೇಕು. ಇಲ್ಲಿರುವುದು ನಾನೂರ ನಲವತ್ತು ಮಕ್ಕಳು, ತೋರಿಸಬೇಕಾದ್ದು ನಲವತ್ತನಾಲ್ಕು. ಶುಲ್ಕವಿಲ್ಲದೆ ಓದುವವರು ಇಪ್ಪತ್ತೆರಡು. ವಾರಕ್ಕೊಮ್ಮೆ ಈಜು ಕಲಿಯಲು ಬರುವ ನೆರೆಶಾಲೆಯ ಅತಿಥಿ ಮಕ್ಕಳು ಇಪ್ಪತ್ತೆರಡು. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇತ್ತು.

ನಾಳೆ ಬೆಳಿಗ್ಗೆ ವಿಚಾರಣೆ. ಇವತ್ತು ಸಂಜೆ ಐದಕ್ಕೆ ಅವಳು ವರದಿ ಸಲ್ಲಿಸಬೇಕು. ವಿನಾಯಿತಿ ಹೋದರೆ ಮೊದಲು ಮುಚ್ಚುವುದು ಆ ಇಪ್ಪತ್ತೆರಡು ಉಚಿತ ಸೀಟುಗಳೇ ಅಂತ ಎಲ್ಲರಿಗೂ ಗೊತ್ತು. ಆ ಇಪ್ಪತ್ತೆರಡರಲ್ಲಿ ಒಬ್ಬಳು ಅವಳ ತಂಗಿಯ ಮಗಳು.

ಈ ಸಂಗತಿಯನ್ನು ಅವಳು ಕಚೇರಿಗೆ ಹೇಳಿರಲಿಲ್ಲ. ಹೇಳಿದ್ದರೆ ಕಡತ ಬೇರೆಯವರಿಗೆ ಹೋಗುತ್ತಿತ್ತು, ಬೇರೆಯವರು ಅರ್ಧ ದಿನದಲ್ಲಿ ಒಂದು ಷರಾ ಬರೆದು ಮುಗಿಸುತ್ತಿದ್ದರು. ನಾನಾದರೆ ನ್ಯಾಯವಾಗಿ ನೋಡುತ್ತೇನೆ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ತನಗೆ ತಾನು ಹೇಳಿಕೊಳ್ಳುವ ಮಾತಿಗೆ ಸಾಕ್ಷಿ ಬೇಕಾಗುವುದಿಲ್ಲ, ಅದೊಂದು ಅನುಕೂಲ.

ಕೆಳಗೆ ಮಕ್ಕಳು ಬಟ್ಟೆ ಬದಲಿಸುವ ಕೋಣೆಯ ಮುಂದೆ ನಿಂತಿದ್ದರು. ಆ ಬಾಗಿಲು ಮಹಾ ಹಟಮಾರಿ. ಸ್ವಲ್ಪ ಹೊತ್ತಿನ ಮುಂಚೆ ಒಳಗೆ ನೋಡಬೇಕು ಅಂತ ದುರ್ಬೀನಮ್ಮ ಎಳೆದೂ ತಳ್ಳಿಯೂ ಸೋತಿದ್ದಳು. ಕೊನೆಗೆ ಮಾಸ್ತರು ಬಂದು, ಹಿಡಿಯನ್ನು ಮೇಲಕ್ಕೆ ಎತ್ತಿ, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟಾಗಲೇ ಅದು ತೆರೆದದ್ದು.

ಸಾಲಿನ ಮುಂದಿದ್ದ ಹುಡುಗಿ ಹಿಡಿ ಎತ್ತಿ, ಮೊಣಕಾಲಿನಿಂದ ಗುದ್ದಿದಳು. ಬಾಗಿಲು ತೆರೆಯಿತು. ಹಿಂದಿನವಳ ಜತೆ ಮಾತಾಡುವುದನ್ನು ಕೂಡ ಅವಳು ನಿಲ್ಲಿಸಿರಲಿಲ್ಲ.

ವಾರಕ್ಕೆ ಒಂದು ಗಂಟೆ ಬಂದು ಹೋಗುವ ಅತಿಥಿಗೆ ಇಷ್ಟು ಸಲಿಗೆಯೇ? ಇರಬಹುದು, ಎರಡು ವರ್ಷ ಕಡಿಮೆ ಕಾಲವೇನಲ್ಲ. ದುರ್ಬೀನಮ್ಮ ಪುಸ್ತಕದಲ್ಲಿ 'ಬಾಗಿಲು' ಅಂತ ಬರೆದು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಮಕ್ಕಳು ರಬ್ಬರ್ ಟೋಪಿ, ಈಜು ಕನ್ನಡಕ ಹಾಕಿಕೊಂಡು ಹೊರಬಂದರು. ಈಗಂತೂ ಯಾರು ಯಾರೆಂದು ಹೆತ್ತವರಿಗೂ ತಿಳಿಯುವಂತಿರಲಿಲ್ಲ. ಮಾಸ್ತರು ಸೀಟಿ ಊದಿದರು. ಇಪ್ಪತ್ತೆರಡೂ ದೇಹಗಳು ಒಟ್ಟಿಗೆ ನೀರಿಗೆ ಬಿದ್ದವು.

"ಚೆನ್ನಾಗಿ ಈಜ್ತಾರೆ," ಅಂದಳು ದುರ್ಬೀನಮ್ಮ.

"ಅದೇ ನನಗೂ ಆಶ್ಚರ್ಯ." ಮಾಸ್ತರು ದನಿ ತಗ್ಗಿಸಿದರು. "ಹತ್ತೊಂಬತ್ತು ವರ್ಷದಿಂದ ಕಲಿಸ್ತಿದೀನಿ. ಹೊಸಬರ ಗುಂಪು ಅಂದ್ಮೇಲೆ ಒಬ್ರಾದ್ರೂ ಅಳಬೇಕು, ಒಬ್ರಾದ್ರೂ ನೀರು ಕುಡೀಬೇಕು. ಈ ಗುಂಪಲ್ಲಿ ಮೊದಲನೇ ದಿನದಿಂದ ಯಾರೂ ಅತ್ತಿಲ್ಲ."

"ನಿಮಗೆ ಅನುಮಾನ ಬರಲಿಲ್ವಾ?"

"ಯಾಕೆ ಬರಬೇಕು? ಖುಷಿ ಆಯ್ತು." ಅವರು ಮೂರನೆಯ ಸಾಲಿನ ಕಡೆ ಕೈ ತೋರಿಸಿದರು. "ಆ ಹುಡುಗಿ ನೋಡಿ. ಎಡಗೈ ನೀರಿಗೆ ಹಾಕುವಾಗ ಹೆಬ್ಬೆರಳು ಮಡಚ್ತಾಳೆ. ನಮ್ಮ ಐದನೇ ತರಗತೀಲೂ ಒಬ್ಬಳು ಹೀಗೇ ಮಡಚ್ತಾಳೆ. ಚಿಕ್ಕಪ್ಪನ ಮಗಳೋ ಏನೋ ಅಂದ್ಕೊಂಡಿದ್ದೆ."

"ಮುಖ ನೋಡಿದ್ರೆ ಗೊತ್ತಾಗ್ತಿತ್ತಲ್ಲ?"

"ನಾನು ಮುಖ ನೋಡಲ್ಲ ಮೇಡಂ. ಕೈ ನೋಡ್ತೀನಿ. ಮುಖ ನೋಡ್ತಾ ಕೂತ್ರೆ ಮಕ್ಕಳು ಮುಳುಗಿಬಿಡ್ತಾರೆ."

ದುರ್ಬೀನಮ್ಮ ಪುಸ್ತಕ ಮಡಚಿ, ಮೆಟ್ಟಿಲಿಳಿದು, ಕೊಳದ ಅಂಚಿಗೆ ಹೋದಳು. ಅಷ್ಟರಲ್ಲಿ ಮೂರನೆಯ ಸಾಲಿನ ಹುಡುಗಿ ಈ ತುದಿ ಮುಟ್ಟಿ, ಅಂಚಿಗೆ ಜೋತುಬಿದ್ದು ಉಸಿರು ಬಿಡುತ್ತಿದ್ದಳು.

"ಮಗೂ, ಸ್ವಲ್ಪ ಆ ಕನ್ನಡಕ ತೆಗೀತೀಯಾ?"

ಹುಡುಗಿ ಕನ್ನಡಕವನ್ನು ಹಣೆಗೇರಿಸಿದಳು. ಕಣ್ಣು ಕಿರಿದು ಮಾಡಿ ನೋಡಿದಳು.

"ದೊಡ್ಡಮ್ಮ? ನೀವ್ಯಾಕೆ ಇಲ್ಲಿದೀರಾ?"

ಅದು ದುರ್ಬೀನಮ್ಮನ ತಂಗಿಯ ಮಗಳು. ಸಣಕಲು ಅಂತ ಮನೆಯಲ್ಲೆಲ್ಲ ಕಡ್ಡಿ ಅಂತ ಕರೆಯುವ, ಭಾನುವಾರಗಳಲ್ಲಿ ಅವಳ ತೊಡೆಯ ಮೇಲೆ ಕಾಲು ಚಾಚಿ ಮಲಗಿ ಓದುವ ಅದೇ ಕಡ್ಡಿ.

ಟವಲು ಸುತ್ತಿಕೊಂಡು ಬೆಂಚಿನ ಮೇಲೆ ಕೂತ ಕಡ್ಡಿಗೆ ದೊಡ್ಡಮ್ಮನ ಗಾಬರಿ ಅರ್ಥವೇ ಆಗಲಿಲ್ಲ.

"ನೀನು ಈ ಶಾಲೆಯವಳು ತಾನೆ?"

"ಹೂಂ."

"ಮತ್ತೆ ಆ ಹಳದಿ ಅಂಗಿ?"

"ಮಂಗಳವಾರ ನಾವು ಅತಿಥಿಗಳು ದೊಡ್ಡಮ್ಮ." ಇದು ಇಡೀ ಜಗತ್ತಿಗೆ ಗೊತ್ತಿರುವ ವಿಷಯ ಅನ್ನುವ ಹಾಗೆ ಕಡ್ಡಿ ಹೇಳಿದಳು. "ಊಟ ಆದ್ಮೇಲೆ ಹಿಂದಿನ ಕೋಣೇಲಿ ನೀಲಿ ಅಂಗಿ ಬಿಚ್ಚಿಟ್ಟು ಹಳದಿ ಹಾಕ್ಕೊಳ್ತೀವಿ. ಹಿಂದಿನ ಗೇಟಿಂದ ಹೊರಗೆ ಹೋಗಿ, ಗಲ್ಲಿ ಸುತ್ತಿ, ಮುಂದಿನ ಗೇಟಿಂದ ಬರ್ತೀವಿ. ಗೇಟ್ ಮಾಮ ಬನ್ನಿ ಅತಿಥಿಗಳೇ ಅಂತಾರೆ. ನಾವು ನಮಸ್ಕಾರ ಅಂತೀವಿ."

"ಯಾಕೆ ಹಾಗೆ?"

"ಅದೊಂದು ಕ್ಲಾಸು. ಇನ್ನೊಬ್ಬರ ಅಂಗಿ ಅಂತ ಹೆಸರು. ಬೇರೆಯವರ ಬಟ್ಟೆ ಹಾಕ್ಕೊಂಡ್ರೆ ಅವರ ಕಷ್ಟ ಗೊತ್ತಾಗುತ್ತಂತೆ. ಆಮೇಲೆ ಏನನ್ನಿಸ್ತು ಅಂತ ಒಂದು ಪುಟ ಬರೀಬೇಕು."

"ನೀನು ಏನು ಬರೆದೆ?"

"ಹಳದಿ ಅಂಗಿ ಕಂಕುಳಲ್ಲಿ ಬಿಗಿ ಅಂತ ಬರೆದೆ. ಮಿಸ್ಸು ಇನ್ನೂ ಆಳವಾಗಿ ಯೋಚಿಸು ಅಂತ ಕೆಂಪು ಶಾಯೀಲಿ ಬರೆದ್ರು."

ಬೇರೆ ಹೊತ್ತಾಗಿದ್ದರೆ ದುರ್ಬೀನಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಲ್ಲಾ ಮಕ್ಕಳೂ ಅತಿಥಿ ಆಗ್ತಾರಾ?"

"ಇಲ್ಲ, ನಾವು ಇಪ್ಪತ್ತೆರಡು ಜನ ಮಾತ್ರ. ಬೇರೆಯವರ ಅಮ್ಮಂದಿರು ಬೇಡ ಅಂದ್ರಂತೆ." ಕಡ್ಡಿ ಕಾಲು ಅಲ್ಲಾಡಿಸಿದಳು. "ದೊಡ್ಡಮ್ಮ, ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ ಕಂದ. ನೀನೇನೂ ಮಾಡಿಲ್ಲ."

ಅಂದರೆ ನಲವತ್ತನಾಲ್ಕು ಮಕ್ಕಳಿಲ್ಲ. ಇರುವುದು ಇಪ್ಪತ್ತೆರಡೇ. ಅವೇ ಮಕ್ಕಳು ನೀಲಿ ಅಂಗಿಯಲ್ಲಿ ಒಂದು ಸಲ, ಹಳದಿ ಅಂಗಿಯಲ್ಲಿ ಇನ್ನೊಂದು ಸಲ. ಇಷ್ಟನ್ನು ಬರೆದರೆ ವರದಿ ಮುಗಿಯಿತು. ಜತೆಗೆ ಈ ಮಗುವಿನ ಶಾಲೆಯೂ ಮುಗಿಯಿತು.

ಕಡ್ಡಿಯನ್ನು ಬಟ್ಟೆ ಬದಲಿಸಲು ಕಳಿಸಿ ದುರ್ಬೀನಮ್ಮ ಮುಂಬಾಗಿಲಿಗೆ ನಡೆದಳು. ಕಾವಲುಗಾರ ಹಿರಿಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಪೆನ್ನು. ಕೇಳಿದ ಕೂಡಲೇ ಪುಸ್ತಕ ತೆಗೆದು ಕೊಟ್ಟ. ದಿನಾಂಕ, ಹೊತ್ತು, ಅಂಗಿಯ ಬಣ್ಣ, ಎಷ್ಟು ಮಂದಿ. ಮಂಗಳವಾರ ಬಂತೆಂದರೆ ಹಳದಿ, ಇಪ್ಪತ್ತೆರಡು. ಈ ಪುಸ್ತಕದ ಪ್ರತಿಯೇ ಅವಳ ಕಡತದಲ್ಲಿದ್ದದ್ದು.

"ಈ ಮಕ್ಕಳು ಇದೇ ಶಾಲೆಯವರು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನಮ್ಮ? ಬೆಳಿಗ್ಗೆ ನೋಡಿರ್ತೀನಲ್ಲ."

"ಮತ್ತೆ ಅತಿಥಿಗಳು ಅಂತ ಯಾಕೆ ಬರೆದ್ರಿ?"

"ನಾನೆಲ್ಲಿ ಬರೆದೆ? ಹಳದಿ ಅಂತ ಬರೆದೆ. ಪುಸ್ತಕದಲ್ಲಿ ಮುಖಕ್ಕೆ ಕಾಲಂ ಇಲ್ಲ, ಅಂಗಿಗೆ ಇದೆ. ಹಳದಿ ಅಂದ್ರೆ ಅತಿಥಿ ಅಂತ ಮಾಡೋದು ಮೇಲಿನ ಆಫೀಸಿನವರು." ಅವನು ಪುಸ್ತಕ ವಾಪಸು ಪಡೆದು, ಮೂಲೆ ಮಡಚಿದ್ದ ಹಾಳೆಯನ್ನು ಸರಿಮಾಡಿದ. "ಒಂದು ಸಲ ನೀಲಿ ಹುಡುಗ ಅಂಗಿ ಮೇಲೆ ಶಾಯಿ ಚೆಲ್ಕೊಂಡು ಅಪ್ಪನ ಬಿಳಿ ಅಂಗಿ ಹಾಕ್ಕೊಂಡು ಬಂದಿದ್ದ. ಬಿಳಿ, ಒಂದು, ಅಂತಾನೇ ಬರೆದೆ. ನಾನು ಸುಳ್ಳು ಬರೆಯಲ್ಲಮ್ಮ."

ಬರೆಯಲೇ ಇಲ್ಲ, ನಿಜ. ಮಾಸ್ತರು ಸುಳ್ಳು ಹೇಳಿಲ್ಲ, ಮುಖ್ಯೋಪಾಧ್ಯಾಯಿನಿ ಹೇಳಿಲ್ಲ, ಇವನೂ ಹೇಳಿಲ್ಲ. ಎಲ್ಲರ ಸತ್ಯವನ್ನೂ ಕೂಡಿಸಿದರೆ ಮಾತ್ರ ಒಂದು ದೊಡ್ಡ ಸುಳ್ಳಾಗುತ್ತಿತ್ತು. ದುರ್ಬೀನಮ್ಮನ ತಲೆ ಕೆಟ್ಟು ಹೋಯಿತು.

ಪ್ರಾಂಶುಪಾಲರ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಉದ್ದನೆಯ ಮೇಜು, ಮಕ್ಕಳು ಮಾಡಿದ ಮಣ್ಣಿನ ಆನೆ, ಕಿಟಕಿಯಾಚೆ ಕತ್ತರಿಸಿ ಒಪ್ಪ ಮಾಡಿದ ಹುಲ್ಲುಹಾಸು. ಮನುಷ್ಯ ತೆಳ್ಳಗೆ, ಮೆತ್ತಗೆ ಮಾತಾಡುವವರು. ಅವಳನ್ನು ಕಂಡು ಎದ್ದು ನಿಂತರು.

ದುರ್ಬೀನಮ್ಮ ಕೂರಲಿಲ್ಲ.

"ಕೊಳದಲ್ಲಿರೋ ಮಕ್ಕಳು ನಿಮ್ಮವರೇ."

"ಹೌದು," ಅಂದರು ಪ್ರಾಂಶುಪಾಲರು.

ಇಲ್ಲ ಅನ್ನುತ್ತಾರೆ ಅಂತ ಅವಳು ತಯಾರಾಗಿ ಬಂದಿದ್ದಳು. ಹೌದು ಅನ್ನುವುದಕ್ಕೆ ತಯಾರಾಗಿರಲಿಲ್ಲ.

"ಅವರನ್ನೇ ಎರಡು ಸಲ ತೋರಿಸಿದ್ದೀರಿ."

"ಮೊದಲು ಆ ಗಂಟೆಯನ್ನ ರಸ್ತೆಯಾಚೆಯ ಮಕ್ಕಳಿಗೇ ಇಟ್ಟಿದ್ವಿ. ನಾನೇ ಹೋಗಿ ಕರೆದೆ. ಅವರ ಮುಖ್ಯೋಪಾಧ್ಯಾಯಿನಿ ಬರೆದ ಉತ್ತರ ಇಲ್ಲಿದೆ." ಅವರು ಖಾನೆಯಿಂದ ಒಂದು ಪತ್ರ ತೆಗೆದು ಮುಂದಿಟ್ಟರು. ಅದರಲ್ಲಿ ಇದ್ದದ್ದು ಒಂದೇ ಸಾಲು: ನಮ್ಮ ಮಕ್ಕಳು ನಿಮ್ಮ ಪ್ರಮಾಣಪತ್ರವಲ್ಲ.

ನಿನ್ನೆ ಕಂಡ ಅದೇ ಮೊನಚು ಅಕ್ಷರ. ಆ ಹೆಂಗಸಿನ ಕೋಣೆ ದುರ್ಬೀನಮ್ಮನ ಕಣ್ಣ ಮುಂದೆ ಬಂತು. ಒಡೆದ ಕಿಟಕಿಗೆ ರಟ್ಟು ಅಂಟಿಸಿತ್ತು. ಆ ಖಾಸಗಿ ಶಾಲೆಯವರು ತೆರಿಗೆ ಕಟ್ಟಿದ್ರೆ ನನ್ನ ಕಿಟಕಿಗೆ ಗಾಜು ಬರ್ತಿತ್ತು ಅಂತ ನಾನು ಹೇಳಲ್ಲ, ಬರ್ತಿರಲಿಲ್ಲ ಅಂತಾನೂ ಹೇಳಕ್ಕಾಗಲ್ಲ ಅಂದಿದ್ದರು ಆಕೆ. ಆ ಶಾಲೆಯವರು ನಿಮ್ಮ ಮಕ್ಕಳನ್ನು ಕರೆದಿದ್ದರಾ ಅಂತ ದುರ್ಬೀನಮ್ಮ ಕೇಳಿರಲಿಲ್ಲ. ಆಕೆಯೂ ಹೇಳಿರಲಿಲ್ಲ.

"ಅವರು ಬರಲಿಲ್ಲ ಅಂತ ನಿಮ್ಮ ಮಕ್ಕಳಿಗೆ ಅವರ ಅಂಗಿ ತೊಡಿಸಿದ್ರಾ?"

"ಅದು ಪಾಠ. ನಿಜವಾದ ಪಾಠ. ಮಕ್ಕಳು ಬರೆದದ್ದು ಓದಿ ನೋಡಿ."

"ಓದೋದೇನು, ಕೇಳಿದೆ. ಕಂಕುಳಲ್ಲಿ ಬಿಗಿಯಂತೆ." ದುರ್ಬೀನಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಸಾರ್, ಈ ಬೀದಿಯ ಚಪ್ಪಲಿ ಹೊಲಿಯೋನೂ ತೆರಿಗೆ ಕಟ್ತಾನೆ. ನಿಮ್ಮ ಹುಲ್ಲುಹಾಸಿಗೆ ಅವನು ಪಾಲು ಕೊಟ್ಟ ಹಾಗೆ. ಅವನ ಮಗುಗೆ ಇಲ್ಲೇನು ಸಿಕ್ಕಿದೆ?"

"ಆ ಇಪ್ಪತ್ತೆರಡರಲ್ಲಿ ಅವನ ಮಗಳೂ ಇದ್ದಾಳೆ," ಅಂದರು ಪ್ರಾಂಶುಪಾಲರು ಮೆತ್ತಗೆ. "ಎರಡನೇ ಸಾಲಲ್ಲಿ ಈಜ್ತಾ ಇದ್ಲು. ನೀವು ವಿನಾಯಿತಿ ತೆಗೆದುಹಾಕಿ, ತಪ್ಪೇನಿಲ್ಲ. ಶುಲ್ಕ ಕೊಡೋ ನಾನೂರ ಹದಿನೆಂಟು ಮಕ್ಕಳು ಇನ್ನಷ್ಟು ಶುಲ್ಕ ಕೊಟ್ಟು ಇಲ್ಲೇ ಓದ್ತಾರೆ. ಹೊರಗೆ ಹೋಗೋದು ಯಾರು? ನಿಮ್ಮ ನ್ಯಾಯಕ್ಕೆ ಬೆಲೆ ತೆರೋರು ಯಾರು?"

ದುರ್ಬೀನಮ್ಮನ ಬಳಿ ಉತ್ತರ ಇತ್ತು. ಸುಳ್ಳಿನ ಮೇಲೆ ನಿಂತ ಸೀಟು ಇವತ್ತಲ್ಲ ನಾಳೆ ಬೀಳುತ್ತದೆ ಅನ್ನಬಹುದಿತ್ತು. ಆದರೆ ಹಣೆಗೇರಿಸಿದ ಈಜು ಕನ್ನಡಕದ ಕೆಳಗಿನ ಮುಖ ನೆನಪಾಯಿತು. ಈ ಮನುಷ್ಯ ಧೂರ್ತನೋ, ದಡ್ಡನೋ, ಸಜ್ಜನನೋ ಅವಳಿಗೆ ಬಗೆಹರಿಯಲಿಲ್ಲ.

"ಅದೆಲ್ಲ ನಾಳೆ ವಿಚಾರಣೇಲಿ ಹೇಳಿ," ಅಂದಳು. "ನೀವು ನಮ್ಮ ಕಚೇರಿಗೆ ಮೋಸ ಮಾಡಿದ್ದೀರಿ ಅಂತ ಬರೀತೀನಿ."

ಪ್ರಾಂಶುಪಾಲರ ಹುಬ್ಬು ಗಂಟಿಕ್ಕಿತು. ಸಿಟ್ಟಲ್ಲ. ಅವರಿಗೂ ಏನೋ ಅರ್ಥವಾಗದ ಹಾಗಿತ್ತು.

"ಒಂದು ನಿಮಿಷ. ನನಗೆ ಈ ವಾರವೆಲ್ಲ ಒಂದೇ ಗೊಂದಲ. ಕೇಳಬಹುದಾ?"

"ಕೇಳಿ."

"ನಿಮಗೆ ಮೊದಲೇ ಗೊತ್ತಿರೋದನ್ನೇ ನೀವು ಯಾಕೆ ಪತ್ತೆ ಮಾಡ್ತಾ ಇದ್ದೀರಿ?"

"ನನಗೆ ಏನು ಗೊತ್ತಿತ್ತು?"

ಅವರು ಎದ್ದು, ಕಪಾಟಿನಿಂದ ಹಸಿರು ಕಡತವೊಂದನ್ನು ತಂದರು. ಒಳಗೆ ಇಪ್ಪತ್ತೆರಡು ಒಪ್ಪಿಗೆ ಪತ್ರಗಳು, ಅಚ್ಚು ಹಾಕಿಸಿದ್ದು, ಎಲ್ಲದರ ಮಾತೂ ಒಂದೇ. ದುರ್ಬೀನಮ್ಮ ಮೇಲಿನಿಂದ ಓದತೊಡಗಿದಳು. ಮಗುವಿಗೆ ಈಜು ಕಲಿಸಲು ಒಪ್ಪಿಗೆ. ಬೇರೆ ಶಾಲೆಯ ಸಮವಸ್ತ್ರ ತೊಡಿಸಲು ಒಪ್ಪಿಗೆ. ನಾಲ್ಕನೆಯ ಸಾಲು ಹೀಗಿತ್ತು: ಮಂಗಳವಾರಗಳಂದು ನನ್ನ ಮಗುವನ್ನು ಅತಿಥಿ ಮಗುವೆಂದು ತೆರಿಗೆ ವಿನಾಯಿತಿಯ ದಾಖಲೆಗಳಲ್ಲಿ ತೋರಿಸುವುದು ನನಗೆ ತಿಳಿದಿದೆ ಮತ್ತು ನನ್ನ ಆಕ್ಷೇಪವಿಲ್ಲ.

"ನಮ್ಮ ವಕೀಲರು ಹಾಕಿಸಿದ ಸಾಲು," ಅಂದರು ಪ್ರಾಂಶುಪಾಲರು. "ಮುಚ್ಚಿಟ್ರೆ ಮೋಸ, ಹೇಳಿದ್ರೆ ಅಲ್ಲ ಅಂತ ಅವರ ವಾದ. ಹದಿನೇಳನೇದು ನೋಡಿ."

ದುರ್ಬೀನಮ್ಮ ಹಾಳೆ ಮಗುಚಿದಳು. ಮಗುವಿನ ಹೆಸರಿನ ಜಾಗದಲ್ಲಿ ಕಡ್ಡಿಯ ಶಾಲೆಯ ಹೆಸರು. ಪೋಷಕರ ಉದ್ಯೋಗ ಅನ್ನುವಲ್ಲಿ, ನೀಲಿ ಶಾಯಿಯಲ್ಲಿ, ಗುಂಡಗಿನ ಅಕ್ಷರದಲ್ಲಿ: ತಪಾಸಣೆ ವಿಭಾಗ, ತೆರಿಗೆ ವಿನಾಯಿತಿ ಕಚೇರಿ. ಕೆಳಗೆ ಅವಳದೇ ಸಹಿ.

ನಕಲಿ ಆಗಿದ್ದರೆ ಅಂತ ಒಂದು ಗಳಿಗೆ ಆಸೆಪಟ್ಟಳು. ನಕಲಿ ಅಲ್ಲ. ಕೊನೆಯ ಅಕ್ಷರದ ಬಾಲವನ್ನು ಎಳೆದು ಅದರ ಕೆಳಗೆ ಎರಡು ಚುಕ್ಕಿ ಇಡುವುದು ಅವಳಿಗೊಬ್ಬಳಿಗೇ ಇದ್ದ ಚಾಳಿ.

ಈಗ ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ ತಂಗಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಗಂಡ ಎಂದೋ ಕೈಬಿಟ್ಟು ಹೋಗಿದ್ದ. ಉಚಿತ ಸೀಟು ಸಿಕ್ಕಿದೆ, ಇವತ್ತೇ ಬಂದು ಸೇರಿಸಿ ಅಂತ ಶಾಲೆಯಿಂದ ಫೋನು ಬಂದಿತ್ತು. ಕಡ್ಡಿಯ ಕೈ ಹಿಡಿದುಕೊಂಡು ಓಡಿಬಂದು, ಕಿಟಕಿಯ ಮುಂದೆ ನಿಂತು, ಗುಮಾಸ್ತೆ ಬೆರಳಿಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದ್ದಳು. ಒಂಬತ್ತು ಸಹಿ. ಸಂತೋಷಕ್ಕೆ ಕಣ್ಣು ಮಂಜಾಗಿತ್ತು. ಒಂದು ಸಾಲನ್ನೂ ಓದಿರಲಿಲ್ಲ.

ದುರ್ಬೀನಮ್ಮ ಕುರ್ಚಿ ಎಳೆದುಕೊಂಡು ಕೂತಳು. ನಾಚಿಕೆಯಿಂದ ಮುಖ ಸುಟ್ಟುಹೋಗುತ್ತಿತ್ತು.

"ಈ ಪತ್ರ ಬಂದ ದಿನ ವಕೀಲರು ಕುಣಿದಾಡಿದ್ರು," ಅಂದರು ಪ್ರಾಂಶುಪಾಲರು. "ವಿನಾಯಿತಿ ಕಚೇರಿಯವರೇ ತಿಳಿದು ಒಪ್ಪಿದ್ದಾರೆ, ಇದರ ಪ್ರತೀನೇ ಮೊದಲು ಕಳಿಸಿ ಅಂದ್ರು. ಅನುಬಂಧ ಏಳು. ಎರಡು ವರ್ಷದಿಂದ ನಿಮ್ಮ ಕಚೇರಿ ಕಡತದಲ್ಲೇ ಇದೆ. ಯಾರೂ ಬೇಡ ಅನ್ನಲಿಲ್ಲ. ಹೋದ ವಾರ ನೀವು ಬಂದಾಗ ನಾನು ಗುರುತು ಹಿಡಿದೆ. ನೀವು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಇದೆಲ್ಲ ಬರೀ ಶಾಸ್ತ್ರಕ್ಕೆ ಅಂದ್ಕೊಂಡೆ."

"ಅನುಬಂಧ ಏಳು," ಅಂದಳು ದುರ್ಬೀನಮ್ಮ.

ಆ ಕಡತವನ್ನು ಅವಳು ಮೂರು ಸಲ ಓದಿದ್ದಳು. ಅನುಬಂಧ ಆರರಲ್ಲಿ ಕಾವಲುಗಾರನ ಪುಸ್ತಕದ ಪ್ರತಿ. ಹಾಳೆ ಮಗುಚಿದರೆ ಅನುಬಂಧ ಎಂಟು. ಬೆರಳಚ್ಚು ಮಾಡಿದವರು ಒಂದು ಅಂಕಿ ಹಾರಿಸಿದ್ದಾರೆ ಅಂತ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಕೂಡ ಮಾಡಿದ್ದಳು.

ಅವಳು ಅಲ್ಲೇ, ಪ್ರಾಂಶುಪಾಲರ ಎದುರೇ, ಫೋನು ತೆಗೆದು ತನ್ನ ಕಚೇರಿಯ ಕಡತದ ಕೋಣೆಗೆ ಕರೆ ಮಾಡಿದಳು. ಅಲ್ಲಿನ ಮುದುಕರಿಗೆ ಅವಳೆಂದರೆ ಅಕ್ಕರೆ.

"ಈ ಶಾಲೆ ಕಡತ ನನ್ನ ಮೇಜಿಗೆ ಬರೋ ಮುಂಚೆ ಯಾರಾದ್ರೂ ತೆಗೆದು ನೋಡಿದ್ರಾ?"

ಆ ಕಡೆ ಪುಟ ತಿರುವಿದ ಸದ್ದು. "ನೋಡಿದ್ದಾರಮ್ಮ. ಹೋದ ವಾರದ ಸೋಮವಾರ ಬೆಳಿಗ್ಗೆ. ಸಾರ್ವಜನಿಕರಿಗೆ ನೋಡೋ ಹಕ್ಕಿದೆಯಲ್ಲ, ಅರ್ಜಿ ಬರೆದುಕೊಟ್ಟು ಒಂದು ಗಂಟೆ ಕೂತಿದ್ರು. ಮಧ್ಯಾಹ್ನ ನಿಮಗೆ ಕಳಿಸಿದೆ."

"ಯಾರು ಅವರು?"

"ಏನಮ್ಮ, ನನ್ನ ಪರೀಕ್ಷೆ ಮಾಡ್ತೀರಾ? ನಿಮ್ಮ ತಂಗಿ. ನೋಡಿದ್ರೇ ಗೊತ್ತಾಗಲ್ವಾ, ಅದೇ ಮೂಗು. ಅಕ್ಕನೇ ಕಳಿಸಿದ್ದು ಅಂದ್ರು. ಸ್ವಲ್ಪ ಕುಂಟ್ತಾರೆ ಪಾಪ, ನಾನೇ ಕುರ್ಚಿ ಹಾಕಿಕೊಟ್ಟೆ."

ದುರ್ಬೀನಮ್ಮ ಏನು ಹೇಳಿ ಫೋನು ಇಟ್ಟಳೋ ಅವಳಿಗೇ ತಿಳಿಯಲಿಲ್ಲ. ಆ ಸೋಮವಾರದ ಹಿಂದಿನ ದಿನ, ಭಾನುವಾರ, ತಂಗಿಯ ಮನೆಯಲ್ಲಿ ಬಟ್ಟೆ ಮಡಚುತ್ತಾ, ನಾಳೆ ನಿಮ್ಮ ಶಾಲೆ ಕಡತ ನನ್ನ ಕೈಗೆ ಬರುತ್ತೆ ಕಣೆ ಅಂತ ಅವಳೇ ಹೇಳಿದ್ದಳು. ತಂಗಿ ಹೌದಾ ಅಂದು, ದಿಂಬಿನ ಚೀಲ ಕೊಡವಿ ಮಡಚಿಟ್ಟಿದ್ದಳು. ಅಷ್ಟೇ.

ಅವಳು ಪ್ರಾಂಶುಪಾಲರ ಕೋಣೆಯಿಂದ ಹೊರಗೆ ಬಂದಳು. ಮೊಗಸಾಲೆಯ ಬೆಂಚಿನ ಮೇಲೆ ಕಡ್ಡಿ ಕೂತಿದ್ದಳು. ನೀಲಿ ಅಂಗಿ ತೊಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು, ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದಳು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ದುರ್ಬೀನಮ್ಮ ನಾಲ್ಕು ಹೆಜ್ಜೆ ಆಚೆ ಹೋಗಿ ತಂಗಿಗೆ ಕರೆ ಮಾಡಿದಳು. ತಂಗಿ ಔಷಧಿ ಅಂಗಡಿಯಲ್ಲಿ ಕೆಲಸದಲ್ಲಿದ್ದಳು.

"ನಮ್ಮ ಕಚೇರಿಯಿಂದ ನೀನು ಒಂದು ಹಾಳೆ ತಗೊಂಡು ಹೋಗಿದ್ದೀಯ."

"ಹೂಂ."

"ಆ ಹಾಳೆ ಅಲ್ಲಿದೆ ಅಂತ ನಿನಗೆ ಹೇಗೆ ಗೊತ್ತು?"

"ಶಾಲೆಯವರು ಆಗ್ಲೇ ಕಾಗದ ಬರೆದಿದ್ರು. ನಿಮ್ಮ ಅಕ್ಕನ ಸಹಿಯಿಂದ ಉಪಕಾರ ಆಯ್ತು, ಕಚೇರಿಗೂ ಕಳಿಸಿದೀವಿ ಅಂತ."

"ಎರಡು ವರ್ಷ ನನಗೆ ಒಂದು ಮಾತು ಹೇಳಲಿಲ್ಲ."

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ ಅಕ್ಕ?"

ದುರ್ಬೀನಮ್ಮ ಗೋಡೆಗೆ ಒರಗಿದಳು. "ಹರಿದು ಹಾಕಿದ್ಯಾ?"

"ಇಲ್ಲ. ಇಟ್ಕೊಂಡಿದೀನಿ."

"ಯಾಕೆ?"

ಆ ಕಡೆ ಯಾರೋ ಕೆಮ್ಮಿನ ಔಷಧಿ ಕೇಳಿದರು. ದೊಡ್ಡ ಸೀಸೆಯೋ ಚಿಕ್ಕದೋ ಅಂತ ತಂಗಿ ವಿಚಾರಿಸಿ, ದಿನಕ್ಕೆ ಎಷ್ಟು ಸಲ ಅಂತ ನಿಧಾನವಾಗಿ ಹೇಳಿ, ಮತ್ತೆ ಫೋನಿಗೆ ಬಂದಳು.

"ನೀನು ವರದೀಲಿ ಏನು ಬರೀತೀಯ ಅಂತ ನೋಡ್ಕೊಂಡು ಆಮೇಲೆ ಹೇಳ್ತೀನಿ."

ಆ ದನಿಯಲ್ಲಿ ಇದ್ದದ್ದು ಅಕ್ಕನನ್ನು ಕಾಯುವ ಪ್ರೀತಿಯೋ, ಅಕ್ಕನನ್ನು ಹೆದರಿಸುವ ಬೆದರಿಕೆಯೋ ದುರ್ಬೀನಮ್ಮನಿಗೆ ತಿಳಿಯಲಿಲ್ಲ. ಎತ್ತಿ ಆಡಿಸಿದ ತಂಗಿ. ಅವಳ ಒಂದೊಂದು ಉಸಿರಿನ ಅರ್ಥವೂ ತನಗೆ ಗೊತ್ತು ಅಂತ ಇಷ್ಟು ವರ್ಷ ನಂಬಿದ್ದಳು.

"ಐದು ಗಂಟೆಗೆ ತಾನೆ ಕೊಡಬೇಕಾದ್ದು?" ಅಂತ ಕೇಳಿದಳು ತಂಗಿ.

"ಹೌದು."

"ಸರಿ. ಕಡ್ಡಿ ಅಲ್ಲೇ ಇದ್ರೆ ಅವಳ ತಲೆ ಚೆನ್ನಾಗಿ ಒರೆಸು ಅಕ್ಕ. ಮಂಗಳವಾರ ಯಾವಾಗ್ಲೂ ಒದ್ದೆ ತಲೇಲೇ ಮನೆಗೆ ಬರ್ತಾಳೆ."